ಕಾಲಿಗೆ ಮೂಗು, ಕೈಗೆ ರೆಕ್ಕೆ

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಎತ್ತಿಕೊಂಡಿದ್ದೇನೆ. ಮೂರೂ ಗಾಳಿಯ ಬಗ್ಗೆಯೇ ಇವೆ. ಆಷಾಢ ಅಲ್ವಾ, ನೆಲದ ಮೇಲಿರುವವರ ತಲೆಯಲ್ಲೂ ಗಾಳಿಯೇ ತುಂಬಿರುತ್ತದೆ. ಎರಡನೇ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮಗನ ಮನೆಯ ಮಹಡಿಯಿಂದ ವಿಮಾನ ಇಳಿಯುವುದು ಕಾಣುತ್ತದೆ. ಮೊನ್ನೆ ಒಂದು ವಿಮಾನ ಮೂತಿ ಒಂದು ಕಡೆ, ದಾರಿ ಒಂದು ಕಡೆ ಅನ್ನುವ ಹಾಗೆ, ಏಡಿಯಂತೆ ಓರೆಯಾಗಿ ಬಂತು. ನೆಲ ಮುಟ್ಟುವಾಗ ಮಾತ್ರ ನೇರವಾಯಿತು. ಯಾಕೆ ಹೀಗೆ? ರನ್‌ವೇಯನ್ನೇ ಗಾಳಿಗೆ ಎದುರಾಗಿ ಕಟ್ಟಬಾರದೇ? — ನಿವೃತ್ತ ಶಿಕ್ಷಕರು, ಶಿರಸಿ

ಮೇಷ್ಟ್ರೇ, ನೀವು ಬಳಸಿದ ಮಾತನ್ನೇ ಪೈಲಟ್‌ಗಳೂ ಬಳಸುತ್ತಾರೆ. ಇದಕ್ಕೆ ‘ಕ್ರ್ಯಾಬ್’ ಅಂತಲೇ ಹೆಸರು. ಅಂದರೆ ಏಡಿ.

ಆನೆಗೊಂದಿಯಲ್ಲಿ ಹರಿಗೋಲು ಹಾಕುವವರನ್ನು ನೋಡಿದ್ದೀರಾ? ತುಂಗಭದ್ರೆ ತುಂಬಿ ಹರಿಯುವಾಗ ಅಂಬಿಗ ಆಚೆ ದಡದ ಕಟ್ಟೆಯ ಕಡೆಗೆ ನೇರವಾಗಿ ಹುಟ್ಟು ಹಾಕುವುದಿಲ್ಲ. ಅದಕ್ಕಿಂತ ಮೇಲಕ್ಕೆ, ನೀರು ಬರುವ ದಿಕ್ಕಿಗೆ ಗುರಿ ಇಡುತ್ತಾನೆ. ನೀರು ಅವನನ್ನು ಕೆಳಕ್ಕೆ ತಳ್ಳುತ್ತದೆ. ಎರಡೂ ಸೇರಿ ಹರಿಗೋಲು ಸರಿಯಾಗಿ ಕಟ್ಟೆಗೇ ಬಂದು ನಿಲ್ಲುತ್ತದೆ. ವಿಮಾನವೂ ಹೀಗೆಯೇ. ಅದು ತೇಲುತ್ತಿರುವುದು ಗಾಳಿಯಲ್ಲಿ, ಗಾಳಿಯೇ ಪಕ್ಕಕ್ಕೆ ಹರಿಯುತ್ತಿದೆ. ಹಾಗಾಗಿ ಮೂಗನ್ನು ಗಾಳಿಯ ಕಡೆ ಸ್ವಲ್ಪ ತಿರುಗಿಸಿಕೊಂಡರೆ ದಾರಿ ನೇರವಾಗುತ್ತದೆ.

ರನ್‌ವೇಯ ಪ್ರಶ್ನೆಯೂ ಸರಿಯಾದದ್ದೇ. ಮೊದಮೊದಲಿನ ವಿಮಾನ ನಿಲ್ದಾಣಗಳು ಬರೀ ಹುಲ್ಲು ಬಯಲುಗಳಾಗಿದ್ದವು. ಗಾಳಿ ಯಾವ ಕಡೆಯಿಂದ ಬಂದರೆ ಆ ಕಡೆಗೆ ಮುಖ ಮಾಡಿ ಇಳಿಯುತ್ತಿದ್ದರು. ವಿಮಾನಗಳು ಭಾರವಾದ ಮೇಲೆ ಗಟ್ಟಿ ಪಟ್ಟಿ ಬೇಕಾಯಿತು. ಪಟ್ಟಿ ಅಂದ ಮೇಲೆ ಒಂದು ದಿಕ್ಕಿಗೆ ಕಟ್ಟಲೇಬೇಕು. ನಮ್ಮ ಕಡೆ ಮುಂಗಾರಿನಲ್ಲಿ ಪಡುವಣ ಗಾಳಿ, ಹಿಂಗಾರಿನಲ್ಲಿ ಮೂಡಣ ಗಾಳಿ ಜಾಸ್ತಿ. ಅದಕ್ಕೇ ಹುಬ್ಬಳ್ಳಿಯ ರನ್‌ವೇ 08 ಮತ್ತು 26, ಮೈಸೂರಿನದು 09 ಮತ್ತು 27, ದೇವನಹಳ್ಳಿಯ ಎರಡೂ ಪಟ್ಟಿಗಳು 09 ಮತ್ತು 27. ಪಟ್ಟಿಯ ತುದಿಯಲ್ಲಿ ಬರೆದಿರುವ ಈ ಅಂಕೆಗೆ ಒಂದು ಸೊನ್ನೆ ಸೇರಿಸಿ ಓದಿ. 27 ಅಂದರೆ 270 ಡಿಗ್ರಿ, ಪಡುವಣ.

ಆದರೆ ಗಾಳಿ ಅಂಕೆ ನೋಡಿಕೊಂಡು ಬೀಸುವುದಿಲ್ಲವಲ್ಲ. ಜುಲೈನಲ್ಲಿ ಅದು ನೈಋತ್ಯಕ್ಕೆ ವಾಲುತ್ತದೆ. ಆಗ ಪಟ್ಟಿಗೆ ಅಡ್ಡವಾಗುತ್ತದೆ. ಅದೇ ಅಡ್ಡಗಾಳಿ, ನಮ್ಮ ಮಾತಿನಲ್ಲಿ ಕ್ರಾಸ್‌ವಿಂಡ್.

ಓರೆಯಾಗಿಯೇ ನೆಲ ಮುಟ್ಟಿದರೆ ಏನಾಗುತ್ತದೆ? ಚಕ್ರಗಳು ಒಂದು ಕಡೆ ನೋಡುತ್ತವೆ, ವಿಮಾನ ಇನ್ನೊಂದು ಕಡೆ ಓಡುತ್ತಿರುತ್ತದೆ. ಚಕ್ರದ ಕಾಲಿನ ಮೇಲೆ ಪಕ್ಕದಿಂದ ಹೊರೆ ಬೀಳುತ್ತದೆ. ದೊಡ್ಡ ಜೆಟ್‌ಗಳು ಇದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ಅಮೆರಿಕದ ಬಿ-52 ಬಾಂಬರ್‌ನಲ್ಲಂತೂ ಚಕ್ರಗಳನ್ನೇ 20 ಡಿಗ್ರಿಯವರೆಗೆ ತಿರುಗಿಸಿಕೊಂಡು ಓರೆಯಾಗಿಯೇ ಇಳಿಯಬಹುದು. 1937ರಲ್ಲಿ ಮೊದಲು ಹಾರಿದ ಎರ್ಕೂಪ್ ಅನ್ನುವ ಪುಟ್ಟ ವಿಮಾನಕ್ಕೆ ರಡ್ಡರ್ ಪೆಡಲ್‌ಗಳೇ, ಅಂದರೆ ಬಾಲದ ಚುಕ್ಕಾಣಿಯನ್ನು ಕಾಲಿನಿಂದ ತಿರುಗಿಸುವ ಪೆಡಲ್‌ಗಳೇ, ಇರಲಿಲ್ಲ. ಫ್ರೆಡ್ ವೀಕ್ ಅದರ ಚಕ್ರದ ಕಾಲುಗಳನ್ನೇ ಓರೆ ಇಳಿತವನ್ನು ತಡೆದುಕೊಳ್ಳುವಂತೆ ಮಾಡಿದ್ದರು. ಇವೆರಡೂ ಅಪರೂಪ. ನಾವು ಕಲಿಸುವ ಸಣ್ಣ ವಿಮಾನಗಳಲ್ಲಿ ನೇರ ಮಾಡಿಕೊಂಡೇ ಇಳಿಸಬೇಕು. ಆ ಕೊನೆಯ ಕೆಲವು ಸೆಕೆಂಡುಗಳ ಬಗ್ಗೆಯೇ ಮುಂದಿನ ಪತ್ರ.

ಪ್ರಶ್ನೆ: ನಾನು ಒಂದು ವಿಮಾನ ತರಬೇತಿ ಶಾಲೆಯ ವಿದ್ಯಾರ್ಥಿನಿ. ಸೆಸ್ನಾ 172ರಲ್ಲಿ 46 ಗಂಟೆ ಹಾರಿದ್ದೇನೆ. ಸೋಲೋ, ಅಂದರೆ ಒಬ್ಬಳೇ ಹಾರಿಸುವುದು, ಆಗಿದೆ. ಕಳೆದ ತಿಂಗಳು ರನ್‌ವೇ 27ಕ್ಕೆ ಬರುವಾಗ ಟವರ್‌ನಿಂದ ‘ಗಾಳಿ 220 ಡಿಗ್ರಿ, 14 ನಾಟ್, ಗಸ್ಟ್ 22’ ಅಂದರು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇದ್ದರು. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತದಲ್ಲಿ, ಚೆನ್ನಾಗಿಯೇ ಬಂದೆ. ಎಡ ರೆಕ್ಕೆ ತಗ್ಗಿಸಿದ್ದೆ. ನೆಲ ಹತ್ತಿರ ಬಂದಾಗ ವಿಮಾನ ಬಲಕ್ಕೆ ಜಾರಿತು, ದಡಕ್ಕನೆ ಬಡಿಯಿತು, ಆಮೇಲೆ ಎಡಕ್ಕೆ ತಿರುಗಲು ನೋಡಿತು. ಇನ್‌ಸ್ಟ್ರಕ್ಟರ್ ‘ರಡ್ಡರ್, ರಡ್ಡರ್’ ಅಂತ ಕೂಗಿ ಕಂಟ್ರೋಲ್ ತೆಗೆದುಕೊಂಡರು. ಅಂದಿನಿಂದ ಗಾಳಿ ತೋರಿಸುವ ಬಟ್ಟೆಯ ಚೀಲ, ವಿಂಡ್‌ಸಾಕ್, ನೆಟ್ಟಗಾದರೆ ಕೈ ಬೆವರುತ್ತದೆ. ಇದು ನನ್ನಿಂದ ಆಗುವ ಕೆಲಸವೇ? — ಹೆಸರು ಬೇಡ, ಮೈಸೂರು

ಆಗುವ ಕೆಲಸವೇ ಅಮ್ಮಾ. ನೀವು ಏನಾಯಿತು ಅಂತ ಇಷ್ಟು ಸರಿಯಾಗಿ, ಒಂದರ ಹಿಂದೆ ಒಂದು ಬರೆದಿದ್ದೀರಲ್ಲ, ಅದರಲ್ಲೇ ಉತ್ತರ ಇದೆ. ಮೊದಲು ಬಲಕ್ಕೆ ಜಾರಿತು. ಆಮೇಲೆ ಬಡಿಯಿತು. ಆಮೇಲೆ ಎಡಕ್ಕೆ ತಿರುಗಿತು. ಈ ಮೂರನ್ನೂ ಬಿಡಿಸಿ ನೋಡೋಣ.

ಅದಕ್ಕೂ ಮೊದಲು ಲೆಕ್ಕ. ನಾಟ್ ಅನ್ನುವುದು ವೇಗದ ಅಳತೆ, ಗಸ್ಟ್ ಅಂದರೆ ನಡುನಡುವೆ ಬರುವ ಜೋರು ಬೀಸು. ರನ್‌ವೇ 270, ಗಾಳಿ 220. ನಡುವೆ 50 ಡಿಗ್ರಿ. ಗಾಳಿ ಎಡ ಮುಂಭಾಗದಿಂದ ಬರುತ್ತಿದೆ. ಇದರಲ್ಲಿ ಅಡ್ಡ ಬರುವ ಪಾಲು ಎಷ್ಟು? ಗಡಿಯಾರದ ಮುಳ್ಳಿನ ಲೆಕ್ಕ ಇಟ್ಟುಕೊಳ್ಳಿ. 15 ಡಿಗ್ರಿ ಆದರೆ ಕಾಲು ಪಾಲು, 30 ಆದರೆ ಅರ್ಧ, 45 ಆದರೆ ಮುಕ್ಕಾಲು, 60 ದಾಟಿದರೆ ಪೂರ್ತಿ ಅಂತಲೇ ಹಿಡಿಯಿರಿ. 50 ಡಿಗ್ರಿಗೆ ಮುಕ್ಕಾಲಿಗಿಂತ ತುಸು ಜಾಸ್ತಿ. ಅಂದರೆ 14 ನಾಟ್ ಗಾಳಿಯಲ್ಲಿ ಅಡ್ಡಪಾಲು ಸುಮಾರು 11. ಗಸ್ಟ್ 22 ಆದಾಗ ಸುಮಾರು 17.

ಈಗ ನಿಮ್ಮ ವಿಮಾನದ ಕೈಪಿಡಿ ತೆಗೆಯಿರಿ. ಸೆಸ್ನಾ 172ಕ್ಕೆ ಪರೀಕ್ಷೆಯಲ್ಲಿ ಮಾಡಿ ತೋರಿಸಿದ ಅಡ್ಡಗಾಳಿ 15 ನಾಟ್ ಅಂತ ಇರುತ್ತದೆ. ಗಂಟೆಗೆ ಸುಮಾರು 28 ಕಿಲೋಮೀಟರ್. ಅದು ಕಾನೂನಿನ ಗೆರೆ ಅಲ್ಲ. ಕಂಪನಿಯ ಟೆಸ್ಟ್ ಪೈಲಟ್ ಇಷ್ಟರಲ್ಲಿ ಇಳಿಸಿ ತೋರಿಸಿದ್ದಾನೆ ಅಂತ ಮಾತ್ರ ಅರ್ಥ. ಆದರೆ 46 ಗಂಟೆಯ ವಿದ್ಯಾರ್ಥಿನಿಗೆ ಅದು ಗೋಡೆ ಇದ್ದ ಹಾಗೆ. ನೀವು ಅಂದು ಗೋಡೆಯ ಆಚೆ ಇದ್ದಿರಿ. ಆ ಇಳಿತ ಕೆಟ್ಟಿದ್ದಕ್ಕೆ ನಿಮ್ಮ ಪಾಲು ಇದೆ, ಆದರೆ ಪೂರ್ತಿ ಹೊಣೆ ನಿಮ್ಮದಲ್ಲ.

ಇನ್ನೊಂದು ವಿಷಯ. 14ರಿಂದ 22ಕ್ಕೆ ಏರಿದರೆ ಎಂಟೇ ನಾಟ್ ಅಂತ ಅನಿಸುತ್ತದೆ. ಗಾಳಿಯ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ. 22 ನಾಟ್‌ನ ಬೀಸು 14ರ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಜೋರಾಗಿ ತಳ್ಳುತ್ತದೆ. ನಿಮ್ಮ ಕೈಗೆ ತಾಕಿದ್ದು ಈ ಎರಡೂವರೆ ಪಟ್ಟು.

ಸರಿ, ಈಗ ಜಾರಿದ್ದು ಯಾಕೆ?

ನಾನು 30 ವರ್ಷ ಪಾಠ ಹೇಳಿದ್ದೇನೆ. ಅಡ್ಡಗಾಳಿಯ ಪಾಠದ ದಿನ ಬೋರ್ಡಿನ ಮೇಲೆ ಒಂದೇ ಸಾಲು ಬರೆಯುತ್ತಿದ್ದೆ. ಕಾಲಿಗೆ ಮೂಗು, ಕೈಗೆ ರೆಕ್ಕೆ. ಮೂಗು ಪಟ್ಟಿಯ ಉದ್ದಕ್ಕೆ ನೇರ ಇರುವಂತೆ ನೋಡಿಕೊಳ್ಳುವುದು ಕಾಲಿನ ಕೆಲಸ. ವಿಮಾನ ಪಕ್ಕಕ್ಕೆ ಜಾರದಂತೆ ನೋಡಿಕೊಳ್ಳುವುದು ಕೈಯ ಕೆಲಸ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು. ಗಾಳಿ ಎಡದಿಂದ ಬಂದರೆ ಎಡ ರೆಕ್ಕೆ ತಗ್ಗಿಸುತ್ತೀರಿ. ವಿಮಾನ ಎಡಕ್ಕೆ ಜಾರಲು ನೋಡುತ್ತದೆ, ಗಾಳಿ ಬಲಕ್ಕೆ ತಳ್ಳುತ್ತದೆ. ಎರಡೂ ಸಮವಾದರೆ ಗೆರೆಯ ಮೇಲೇ ಇರುತ್ತೀರಿ. ರೆಕ್ಕೆ ತಗ್ಗಿಸಿದ್ದಕ್ಕೆ ಮೂಗು ಎಡಕ್ಕೆ ತಿರುಗಲು ಹೋಗುತ್ತದೆ. ಅದನ್ನು ಬಲಗಾಲು ತಡೆಯುತ್ತದೆ.

ಬಲಕ್ಕೆ ಜಾರುತ್ತಿದ್ದೀರಾ? ಎಡ ರೆಕ್ಕೆ ಇನ್ನಷ್ಟು ತಗ್ಗಿಸಿ. ಎಡಕ್ಕೆ ಸರಿಯುತ್ತಿದ್ದೀರಾ? ಸ್ವಲ್ಪ ಎತ್ತಿ. ಮೂಗು ಎಡಕ್ಕೆ ನೋಡುತ್ತಿದೆಯಾ? ಬಲಗಾಲು ಒತ್ತಿ. ರಡ್ಡರ್ ಒತ್ತಿ ಜಾರುವುದನ್ನು ನಿಲ್ಲಿಸಲು ಹೋಗಬೇಡಿ. ಯೋಕ್, ಅಂದರೆ ಕೈಯಲ್ಲಿರುವ ಸ್ಟೀರಿಂಗ್, ತಿರುಗಿಸಿ ಮೂಗು ನೇರ ಮಾಡಲು ಹೋಗಬೇಡಿ. ಹೊಸಬರ ಗೊಂದಲವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಫೈನಲ್‌ನಲ್ಲಿ ನೀವು ಇದನ್ನೆಲ್ಲ ಸರಿಯಾಗಿಯೇ ಮಾಡಿದ್ದೀರಿ. ನೆಲ ಹತ್ತಿರ ಬಂತು. ಫ್ಲೇರ್ ಮಾಡಲು, ಅಂದರೆ ನೆಲ ಮುಟ್ಟುವ ಮೊದಲು ಮೂಗು ಎತ್ತಿ ಇಳಿತ ನಿಧಾನ ಮಾಡಲು, ಯೋಕ್ ಹಿಂದಕ್ಕೆ ಎಳೆದಿರಿ. ಆಗ ಕೈ ತನ್ನಷ್ಟಕ್ಕೆ ಯೋಕನ್ನು ನಡುವಿಗೆ ತಂದಿರಬೇಕು. ರೆಕ್ಕೆ ಮಟ್ಟವಾಯಿತು. ಯಾಕೆ ಅಂದರೆ, ನೆಲದ ಹತ್ತಿರ ಒಂದು ರೆಕ್ಕೆ ತಗ್ಗಿರುವುದನ್ನು ಮನಸ್ಸು ಒಪ್ಪುವುದಿಲ್ಲ. ರೆಕ್ಕೆ ನೆಲಕ್ಕೆ ತಾಗುತ್ತದೇನೋ ಅಂತ ಭಯ. ಸೆಸ್ನಾದ ರೆಕ್ಕೆ ನಿಮ್ಮ ತಲೆಯ ಮೇಲಿದೆ, ಎತ್ತರದಲ್ಲಿದೆ. ಅಡ್ಡಗಾಳಿಗೆ ಬೇಕಾದಷ್ಟು ತಗ್ಗಿಸಿದರೆ ತಾಗುವುದಿಲ್ಲ. ಇಷ್ಟನ್ನು ನೆಲದ ಮೇಲೆ ನಿಂತೇ ನೋಡಿಕೊಳ್ಳಿ. ರೆಕ್ಕೆಯ ತುದಿಯ ಕೆಳಗೆ ಹೋಗಿ ನಿಂತು ಕೈ ಎತ್ತಿ ನೋಡಿ, ಎಷ್ಟು ಜಾಗ ಇದೆ ಅಂತ ಮನಸ್ಸಿಗೆ ಗೊತ್ತಾಗಲಿ.

ಇದರ ಹಿಂದೆ ಇನ್ನೊಂದು ಕಾರಣವೂ ಇದೆ. ನನಗೆ ಬಹಳ ಮುಖ್ಯ ಅನಿಸಿದ ಮಾತು ಇದೇ. ರೆಕ್ಕೆ, ರಡ್ಡರ್ ಇವುಗಳ ಹಿಡಿತವೂ ವೇಗದ ವರ್ಗದಂತೆಯೇ ಇಳಿಯುತ್ತದೆ. 65 ನಾಟ್‌ನಲ್ಲಿ ನಿಮ್ಮ ಕೈಯಲ್ಲಿದ್ದ ಬಲ 40 ನಾಟ್‌ಗೆ ಬರುವಷ್ಟರಲ್ಲಿ ಹತ್ತರಲ್ಲಿ ನಾಲ್ಕು ಪಾಲಿಗಿಂತ ಕಮ್ಮಿ ಆಗಿರುತ್ತದೆ. ಗಾಳಿಯೇನೂ ನಿಮಗಾಗಿ ಕಮ್ಮಿಯಾಗುವುದಿಲ್ಲ. ಹಾಗಾದರೆ ಏನು ಮಾಡಬೇಕು? ವೇಗ ಇಳಿದ ಹಾಗೆ ಯೋಕನ್ನು ಗಾಳಿಯ ಕಡೆಗೆ ಇನ್ನೂ, ಇನ್ನೂ ತಿರುಗಿಸುತ್ತಾ ಹೋಗಬೇಕು. ಕಾಲನ್ನೂ ಇನ್ನೂ ಚಾಚುತ್ತಾ ಹೋಗಬೇಕು. ಫೈನಲ್‌ನಲ್ಲಿ ಸಾಕಾಗಿದ್ದ ಕೈ ನೆಲದ ಹತ್ತಿರ ಸಾಕಾಗುವುದಿಲ್ಲ. ಕೈಯನ್ನು ಒಂದೇ ಕಡೆ ಗಟ್ಟಿಯಾಗಿ ಹಿಡಿದಿಟ್ಟುಕೊಂಡವರೂ ಜಾರುತ್ತಾರೆ, ಸಡಿಲ ಬಿಟ್ಟವರು ಇನ್ನೂ ಬೇಗ ಜಾರುತ್ತಾರೆ.

ಸರಿಯಾದ ಇಳಿತ ಹೇಗಿರುತ್ತದೆ ಗೊತ್ತಾ? ಮೊದಲು ಎಡ ಚಕ್ರ ಒಂದೇ ಮುಟ್ಟುತ್ತದೆ. ಕೀಚ್ ಅಂತ ಒಂದು ಸಣ್ಣ ಸದ್ದು. ಆಮೇಲೆ ಬಲ ಚಕ್ರ. ಕೊನೆಗೆ ಮೂಗಿನ ಚಕ್ರ. ಮೂರು ಸದ್ದು ಬೇರೆ ಬೇರೆ ಕೇಳಿಸಬೇಕು. ಮೂಗಿನ ಚಕ್ರ ಕೂರುವ ಹೊತ್ತಿಗೆ ಪೆಡಲ್ ಮೇಲಿನ ಒತ್ತಡವನ್ನು ಸ್ವಲ್ಪ ಸಡಿಲಿಸಿ, ಯಾಕೆಂದರೆ ಆ ಚಕ್ರವೂ ಪೆಡಲ್‌ಗೇ ಕಟ್ಟಿಕೊಂಡಿದೆ. ತಿರುಗಿದ ಸ್ಥಿತಿಯಲ್ಲಿ ಕೂತರೆ ವಿಮಾನ ಪಕ್ಕಕ್ಕೆ ಎಳೆಯುತ್ತದೆ.

ಈಗ ಮೂರನೆಯದು, ಎಡಕ್ಕೆ ತಿರುಗಿದ್ದು. ವಿಮಾನದ ಬಾಲ ದೊಡ್ಡ ಹಲಗೆ ಇದ್ದ ಹಾಗೆ. ಅಡ್ಡಗಾಳಿ ಅದನ್ನು ತಳ್ಳಿದರೆ ಮೂಗು ಗಾಳಿಯ ಕಡೆಗೆ ತಿರುಗುತ್ತದೆ. ಗಾಳಿ ಎಡಗಡೆಯ ರೆಕ್ಕೆಯ ಕೆಳಗೂ ನುಗ್ಗಿ ಎತ್ತಲು ನೋಡುತ್ತದೆ. ಇಲ್ಲಿ ನಿಮ್ಮ ತಪ್ಪು ನನ್ನದೂ ಹೌದು. ಅದನ್ನು ಹೇಳಲೇಬೇಕು.

ನಾನು ಕಲಿತದ್ದು ಪುಷ್ಪಕ್‌ನಲ್ಲಿ. ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಎರಡು ಸೀಟಿನ ವಿಮಾನ. 1958ರಲ್ಲಿ ಮೊದಲು ಹಾರಿದ್ದು. ಬಟ್ಟೆ ಹೊದಿಸಿದ ರೆಕ್ಕೆ, 90 ಅಶ್ವಶಕ್ತಿಯ ಎಂಜಿನ್, ಬಾಲದಲ್ಲಿ ಪುಟ್ಟ ಚಕ್ರ. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ನನ್ನ ವಯಸ್ಸಿನವರು ಅದರಲ್ಲೇ ಕಲಿತರು. ಬಾಲಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ. ಒಮ್ಮೆ ತಿರುಗಲು ಶುರುವಾದರೆ ಆ ಭಾರವೇ ಇನ್ನಷ್ಟು ತಿರುಗಿಸುತ್ತದೆ. ಸೆಸ್ನಾದಲ್ಲಿ ಭಾರ ಮುಖ್ಯ ಚಕ್ರಗಳ ಮುಂದೆ ಇರುತ್ತದೆ. ಅದು ತಾನೇ ನೇರವಾಗಲು ನೋಡುತ್ತದೆ. ಅದೇ ನಿಮ್ಮನ್ನು ಅಂದು ಕಾಪಾಡಿದ್ದು.

1983ರ ಜೂನ್. ಎಡದಿಂದ ಗಾಳಿ. ನಾನು ಒಬ್ಬನೇ ಇದ್ದೆ. ಎಷ್ಟು ಮೆತ್ತಗೆ ಇಳಿಸಿದೆ ಅಂದರೆ, ಚಕ್ರ ಮುಟ್ಟಿದ್ದೇ ಗೊತ್ತಾಗಲಿಲ್ಲ. ‘ಅಬ್ಬಾ, ಆಯಿತು’ ಅಂತ ಉಸಿರು ಬಿಟ್ಟೆ. ಆ ಉಸಿರಿನ ಜೊತೆ ಕಾಲೂ ಸಡಿಲವಾಯಿತು. ಯೋಕಿನ ಬದಲು ಅದರಲ್ಲಿದ್ದ ಸ್ಟಿಕ್ಕೂ ನಡುವಿಗೆ ಬಂತು. ಎರಡು ಸೆಕೆಂಡ್ ಇರಬಹುದು. ಮೂಗು ಎಡಕ್ಕೆ ತಿರುಗಿತು. ಬಲಗಾಲು ಒತ್ತುವಷ್ಟರಲ್ಲಿ ತಡವಾಗಿತ್ತು. ವಿಮಾನ ತನ್ನ ಸುತ್ತ ತಾನೇ ಗಿರ್ರನೆ ಸುತ್ತಿತು. ಬಲ ರೆಕ್ಕೆಯ ತುದಿ ನೆಲ ಕೆರೆದು ಬಟ್ಟೆ ಹರಿಯಿತು. ನನಗೆ ಪೆಟ್ಟಾಗಲಿಲ್ಲ. ಆದರೆ ಎಂಜಿನ್ ನಿಂತ ಮೇಲಿನ ಆ ಮೌನ, ಹರಿದ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ನಿಮ್ಮ ಕಿವಿಯಲ್ಲಿ ‘ರಡ್ಡರ್, ರಡ್ಡರ್’ ಇರುವ ಹಾಗೆ.

ನೆಲ ಮುಟ್ಟಿದ ಮೇಲೂ ವಿಮಾನ ಹಾರುತ್ತಲೇ ಇರುತ್ತದೆ. ಯೋಕ್ ನಿಧಾನವಾಗಿ ಪೂರ್ತಿ ಗಾಳಿಯ ಕಡೆಗೆ ಹೋಗಬೇಕು, ಅಲ್ಲೇ ಇರಬೇಕು. ಟ್ಯಾಕ್ಸಿ ಮಾಡುವಾಗಲೂ, ಅಂದರೆ ನೆಲದ ಮೇಲೆ ನಿಧಾನವಾಗಿ ಓಡಿಸುವಾಗಲೂ, ಅಷ್ಟೇ. ಎದುರು ಗಾಳಿಯಾದರೆ ಯೋಕ್ ಗಾಳಿಯ ಕಡೆಗೆ. ಗಾಳಿ ಹಿಂದಿನಿಂದ ಬಂದರೆ ಯೋಕ್ ಗಾಳಿಯಿಂದ ದೂರಕ್ಕೆ ಮತ್ತು ಮುಂದಕ್ಕೆ. ಹಗ್ಗ ಬಿಗಿದು, ಚಕ್ರಕ್ಕೆ ಅಡೆ ಇಟ್ಟು, ಕಂಟ್ರೋಲ್ ಲಾಕ್ ಹಾಕುವ ತನಕ ಕೈ ಕಾಲು ಕೆಲಸದಲ್ಲಿರಲಿ.

ಇನ್ನು ಬೀಸುಗಾಳಿ. ನಮ್ಮೂರು ಚಿತ್ರದುರ್ಗದ ಕಡೆ. ಅಪ್ಪ ಕಣದಲ್ಲಿ ರಾಗಿ ತೂರುವಾಗ ಎತ್ತರದ ಮಣೆಯ ಮೇಲೆ ನಿಲ್ಲುತ್ತಿದ್ದರು. ಮೊರ ಎತ್ತುವ ಮೊದಲು ಒಂದು ಹಿಡಿ ಹೊಟ್ಟು ಹಾರಿಬಿಟ್ಟು ನೋಡುತ್ತಿದ್ದರು. ಗಾಳಿ ಬೀಸುವುದು, ಬಿಡುವು ಕೊಡುವುದು, ಮತ್ತೆ ಬೀಸುವುದು, ಇದರ ಲಯ ಅವರಿಗೆ ಗೊತ್ತಿತ್ತು. ನಾನು ಕೆಳಗೆ ಕೂತು ನೋಡುತ್ತಿದ್ದೆ. ಪೈಲಟ್ ಆದ ಮೇಲೆ ನಾನೂ ಅದನ್ನೇ ಮಾಡಿದೆ. ಸರ್ಕ್ಯೂಟ್‌ನಲ್ಲಿ, ಅಂದರೆ ಇಳಿಯುವ ಮೊದಲು ಹಾಕುವ ಸುತ್ತಿನಲ್ಲಿ, ಇರುವಾಗಲೇ ಕೆರೆಯ ನೀರಿನ ಮೇಲಿನ ಅಲೆ, ತೆಂಗಿನ ಗರಿ, ಗದ್ದೆಯಲ್ಲಿ ಸುಟ್ಟ ಹೊಗೆ, ಎಲ್ಲವನ್ನೂ ನೋಡಿ. ಟವರ್ ಹೇಳುವುದು ಒಂದು ಕ್ಷಣದ ಅಂಕೆ. ವಿಂಡ್‌ಸಾಕ್ ಅನ್ನು ಅರ್ಧ ನಿಮಿಷ ನೋಡಿದರೆ ಬೀಸು ಎಷ್ಟು ಹೊತ್ತಿಗೆ ಒಮ್ಮೆ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಬೀಸಿನಲ್ಲಿ ನಿಜವಾದ ಅಪಾಯ ಬೀಸು ಬಂದಾಗ ಅಲ್ಲ, ಅದು ಹಠಾತ್ತಾಗಿ ನಿಂತಾಗ. ಎದುರುಗಾಳಿ ತಟ್ಟನೆ ಬಿದ್ದುಹೋದರೆ ವಿಮಾನದ ಏರ್‌ಸ್ಪೀಡೂ, ಅಂದರೆ ಗಾಳಿಯ ಲೆಕ್ಕದಲ್ಲಿ ಅದರ ವೇಗವೂ, ಅಷ್ಟೇ ಬೀಳುತ್ತದೆ. 50 ಅಡಿ ಎತ್ತರದಲ್ಲಿ ಹೀಗಾದರೆ ನೆಲ ಮೇಲೆ ಎದ್ದು ಬಂದ ಹಾಗೆ ಕಾಣುತ್ತದೆ. ಅದಕ್ಕೇ ಗಸ್ಟ್‌ನ ಅಂತರದ ಅರ್ಧದಷ್ಟು ವೇಗ ಜಾಸ್ತಿ ಇಟ್ಟುಕೊಳ್ಳುವುದು. ನಿಮ್ಮ ಲೆಕ್ಕದಲ್ಲಿ 14 ಮತ್ತು 22ರ ಅಂತರ 8, ಅರ್ಧ 4. 65ರ ಬದಲು 69 ಅಥವಾ 70. ಅಷ್ಟೇ ಸಾಕು. ಭಯಕ್ಕೆ 80 ಹಿಡಿಯಬೇಡಿ. ವೇಗ ನೂರಕ್ಕೆ ಹತ್ತು ಪಾಲು ಜಾಸ್ತಿಯಾದರೆ ಇಳಿಯಲು ಬೇಕಾದ ಜಾಗ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಜಾಸ್ತಿಯಾಗುತ್ತದೆ. ವಿಮಾನ ನೆಲದ ಮೇಲೆ ತೇಲುತ್ತಲೇ ಇರುತ್ತದೆ. ತೇಲುವಷ್ಟು ಹೊತ್ತೂ ಗಾಳಿಯ ಕೈಗೆ ಸಿಕ್ಕಿರುತ್ತೀರಿ.

ಫ್ಲಾಪ್, ಅಂದರೆ ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ, ಅದೂ ಅಷ್ಟೇ. ಜೋರು ಅಡ್ಡಗಾಳಿಯಲ್ಲಿ ರನ್‌ವೇಯ ಉದ್ದಕ್ಕೆ ಬೇಕಾದಷ್ಟು ಕಮ್ಮಿ ಫ್ಲಾಪ್ ಸಾಕು ಅಂತ ಸೆಸ್ನಾದ ಕೈಪಿಡಿಯೇ ಹೇಳುತ್ತದೆ. ಮೈಸೂರಿನಷ್ಟು ಉದ್ದದ ಪಟ್ಟಿ ಇದ್ದರೆ ಪೂರ್ತಿ ಫ್ಲಾಪ್ ಯಾಕೆ ಬೇಕು? ಬಲಗೈ ಥ್ರಾಟಲ್ ಮೇಲೇ ಇರಲಿ. ವೇಗ ಬಿದ್ದರೆ ಸ್ವಲ್ಪ ಪವರ್, ಬೀಸು ಎತ್ತಿದರೆ ಸ್ವಲ್ಪ ಕಮ್ಮಿ. ಪ್ರತಿ ಕುಲುಕಿಗೂ ಯೋಕ್ ಎಳೆದಾಡಬೇಡಿ. ಕಣ್ಣು ಪಟ್ಟಿಯ ಆ ತುದಿಯಲ್ಲಿರಲಿ. ಹತ್ತಿರ ನೋಡಿದರೆ ಜಾರುವುದು ಗೊತ್ತೇ ಆಗುವುದಿಲ್ಲ.

ಒಂದು ಪರೀಕ್ಷೆ ಹೇಳುತ್ತೇನೆ, ಪ್ರತಿ ಸಲ ಮಾಡಿ. ನೆಲದಿಂದ 300 ಅಡಿ ಎತ್ತರದಲ್ಲಿರುವಾಗಲೇ ಕ್ರ್ಯಾಬ್ ಬಿಟ್ಟು, ರೆಕ್ಕೆ ತಗ್ಗಿಸಿ, ಮೂಗು ನೇರ ಮಾಡಿ ನೋಡಿ. ಬಲ ಪೆಡಲ್ ಪೂರ್ತಿ ಒತ್ತಿದರೂ ಮೂಗು ಪಟ್ಟಿಗೆ ನೇರ ಬರುತ್ತಿಲ್ಲವಾ? ಅಥವಾ ನೇರ ಬಂದರೂ ಬಲಕ್ಕೆ ಜಾರುತ್ತಲೇ ಇದ್ದೀರಾ? ಹಾಗಾದರೆ ಈ ಗಾಳಿ ಈ ವಿಮಾನಕ್ಕೆ ಜಾಸ್ತಿ. ಇಲ್ಲಿಗೆ ನಿಲ್ಲಿಸಿ. ಫುಲ್ ಥ್ರಾಟಲ್, ಮೂಗು ಮೇಲಕ್ಕೆ, ಫ್ಲಾಪ್ ಹಂತ ಹಂತವಾಗಿ ಮೇಲೆ. ಇದೇ ಗೋ ಅರೌಂಡ್, ಇಳಿಯದೆ ಮತ್ತೆ ಮೇಲೇರುವುದು. ನೆಲದ ಹತ್ತಿರ ಗಾಳಿ ತುಸು ಕಮ್ಮಿ ಇರುತ್ತದೆ ನಿಜ, ಆದರೆ ಅದನ್ನು ನಂಬಿಕೊಂಡು ಇಳಿಯಬೇಡಿ. ಒಂದು ಸುತ್ತು ಹಾಕಿ ಬನ್ನಿ. ಬಿಡುವು ಸಿಗಬಹುದು. ಸಿಗದಿದ್ದರೆ ಇಂಧನ ಇರುವಾಗಲೇ ಬೇರೆ ಕಡೆಗೆ ಹೋಗುವ ಮಾತು ಎತ್ತಿ. ನೆನಪಿರಲಿ, ನಮ್ಮ ಕಡೆಯ ರನ್‌ವೇಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿವೆ. ಪಕ್ಕದ ಊರಿಗೆ ಹೋದರೆ ಅಡ್ಡಗಾಳಿ ತಪ್ಪುತ್ತದೆ ಅಂತ ಇಲ್ಲ. ಅದಕ್ಕೇ ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಫ್ಲೇರ್‌ನಲ್ಲಿ ಜಾರಲು ಶುರುವಾದರೂ ಗೋ ಅರೌಂಡ್. ಒಮ್ಮೆ ಬಡಿದು ಪುಟಿದರೂ ಗೋ ಅರೌಂಡ್. ಇದನ್ನು ಆ ಕ್ಷಣದಲ್ಲಿ ಯೋಚಿಸಿ ಮಾಡಲು ಆಗುವುದಿಲ್ಲ. ಫೈನಲ್‌ಗೆ ತಿರುಗುವಾಗಲೇ ಬಾಯಿಬಿಟ್ಟು ಹೇಳಿಕೊಳ್ಳಿ. ‘ಇದು ಗೋ ಅರೌಂಡ್. ಎಲ್ಲ ಸರಿ ಇದ್ದರೆ ಮಾತ್ರ ಇಳಿಸುತ್ತೇನೆ.’ ನನ್ನ ವಿದ್ಯಾರ್ಥಿಗಳಿಂದ ಜೋರಾಗಿ ಹೇಳಿಸುತ್ತಿದ್ದೆ.

ಒಂದು ಸಣ್ಣ ವಿಷಯ ಕೇಳಬೇಕು. ನಿಮ್ಮ ಎತ್ತರ ಎಷ್ಟು? ಸೀಟು ಎಷ್ಟು ಮುಂದಿರುತ್ತದೆ? ಎಂಜಿನ್ ಹಚ್ಚುವ ಮೊದಲು ಎರಡೂ ಪೆಡಲ್‌ಗಳನ್ನು ಒಂದೊಂದಾಗಿ ತುದಿಯವರೆಗೆ ಒತ್ತಿ ನೋಡಿ. ಸೊಂಟ ಅಲುಗದೆ ಕಾಲು ಪೂರ್ತಿ ಹೋಗಬೇಕು. ಹೋಗದಿದ್ದರೆ ಬೆನ್ನ ಹಿಂದೆ ದಿಂಬು ಇಡಿ. ಎಷ್ಟೋ ಹುಡುಗಿಯರಿಗೆ, ಕುಳ್ಳ ಹುಡುಗರಿಗೂ, ‘ರಡ್ಡರ್ ಹಾಕು’ ಅಂತ ಕೂಗಿ ಬೈದದ್ದನ್ನು ನೋಡಿದ್ದೇನೆ. ಕಾಲು ಎಟುಕುತ್ತಿದೆಯಾ ಅಂತ ಯಾರೂ ಕೇಳಿರುವುದಿಲ್ಲ. ಚಪ್ಪಟೆ, ತೆಳು ಅಟ್ಟೆಯ ಶೂ ಹಾಕಿ. ದಪ್ಪ ಅಟ್ಟೆಯಲ್ಲಿ ಪೆಡಲ್‌ನ ಮಾತು ಕಾಲಿಗೆ ಕೇಳಿಸುವುದಿಲ್ಲ.

ಕೈ ಬೆವರುವುದರ ಬಗ್ಗೆ. ಅದನ್ನು ಇನ್‌ಸ್ಟ್ರಕ್ಟರ್‌ಗೆ ಹೇಳಿ. ಮುಚ್ಚಿಡಬೇಡಿ. 8 ನಾಟ್ ಅಡ್ಡಪಾಲು ಇರುವ, ಬೀಸು ಕಮ್ಮಿ ಇರುವ ಒಂದು ದಿನ ಅವರ ಜೊತೆ ಒಂದು ಗಂಟೆ ಕೇಳಿ ತೆಗೆದುಕೊಳ್ಳಿ. ಇಳಿಸುವುದು ಬೇಡ. ಪಟ್ಟಿಯ ಮೇಲೆ ಹತ್ತು ಅಡಿ ಎತ್ತರದಲ್ಲಿ, ಸ್ವಲ್ಪ ಪವರ್ ಇಟ್ಟುಕೊಂಡು, ಉದ್ದಕ್ಕೂ ಹಾರಿ. ಮೂಗು ನೇರ, ರೆಕ್ಕೆ ಓರೆ. ನಡುಗೆರೆಯಿಂದ ಎಡ ಅಂಚಿಗೆ ಹೋಗಿ, ಮತ್ತೆ ನಡುಗೆರೆಗೆ ಬನ್ನಿ, ಆಮೇಲೆ ಬಲ ಅಂಚಿಗೆ. ಮೂಗು ಮಾತ್ರ ಒಮ್ಮೆಯೂ ತಿರುಗಬಾರದು. ಪಟ್ಟಿ ಮುಗಿಯುವ ಮೊದಲೇ ಪವರ್ ಹಾಕಿ ಮೇಲೇಳಿ. ಟವರ್‌ನವರಿಗೆ ಮೊದಲೇ ಲೋ ಪಾಸ್ ಅಂತ ಕೇಳಿಕೊಳ್ಳಿ. ಒಂದು ಇಳಿತದಲ್ಲಿ ಈ ಸ್ಥಿತಿ ನಾಲ್ಕು ಸೆಕೆಂಡ್ ಸಿಗುತ್ತದೆ. ಹೀಗೆ ಹಾರಿದರೆ ಅರ್ಧ ನಿಮಿಷ ಸಿಗುತ್ತದೆ. ಐದಾರು ಸಲ ಮಾಡಿದ ಮೇಲೆ ಕೈ ಮತ್ತು ಕಾಲು ತಮ್ಮ ತಮ್ಮ ಕೆಲಸ ಬೇರೆ ಮಾಡಿಕೊಳ್ಳುತ್ತವೆ. ನನ್ನ ಬಳಿ ಹೆದರಿ ಬಂದ ಹುಡುಗರು ಸುಧಾರಿಸಿದ್ದು ಬೈಗುಳದಿಂದಲ್ಲ, ಈ ಅರ್ಧ ನಿಮಿಷದಿಂದ.

ಆದ ಮೇಲೆ ಇನ್ನೊಂದು ಪತ್ರ ಬರೆಯಿರಿ. ಗಾಳಿ ಎಷ್ಟು ಡಿಗ್ರಿ, ಎಷ್ಟು ನಾಟ್ ಇತ್ತು ಅಂತ ಮರೆಯದೆ ಬರೆಯಿರಿ.

ಪ್ರಶ್ನೆ: ಮಗ ಪೈಲಟ್ ತರಬೇತಿಯಲ್ಲಿದ್ದಾನೆ. ಗಾಳಿ ಜಾಸ್ತಿ ಅಂತ ಎರಡು ವಾರದಿಂದ ಸೋಲೋ ಕಳಿಸಿಲ್ಲ. ಅದೇ ಹೊತ್ತಿನಲ್ಲಿ ದೊಡ್ಡ ವಿಮಾನಗಳು ಹಾರುತ್ತಲೇ ಇವೆ. ಸಾಲ ಮಾಡಿ ಫೀಸು ಕಟ್ಟಿದ್ದೇವೆ. ಶಾಲೆಯವರನ್ನು ಗಟ್ಟಿಯಾಗಿ ಕೇಳಬಹುದೇ? — ತಂದೆ, ತುಮಕೂರು

ನಿಮ್ಮ ಕಷ್ಟ ಅರ್ಥವಾಗುತ್ತದೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಬೇಕು, ಒಂದೊಂದು ಗಂಟೆಗೂ ದುಡ್ಡು. ಆದರೂ ಈ ವಿಷಯದಲ್ಲಿ ಶಾಲೆಯ ಮೇಲೆ ಒತ್ತಡ ಹಾಕಬೇಡಿ.

ಸೆಸ್ನಾ 172 ಪೂರ್ತಿ ತುಂಬಿದರೂ 1,157 ಕಿಲೋ. ಏರ್‌ಬಸ್ ಎ320 ಅದರ ಅರವತ್ತು ಪಟ್ಟಿಗಿಂತಲೂ ಭಾರ. ಅದಕ್ಕಿಂತ ಮುಖ್ಯ ವೇಗ. ಸೆಸ್ನಾ 65 ನಾಟ್‌ನಲ್ಲಿ ಇಳಿಯಲು ಬರುತ್ತದೆ. ಏರ್‌ಬಸ್ ಸುಮಾರು ಅದರ ಎರಡು ಪಟ್ಟು. 17 ನಾಟ್ ಅಡ್ಡಗಾಳಿಗೆ ಏರ್‌ಬಸ್ ಏಳು ಡಿಗ್ರಿ ಓರೆಯಾದರೆ ಸಾಕು. ನಿಮ್ಮ ಮಗ 15 ಡಿಗ್ರಿ ಓರೆಯಾಗಬೇಕು. ಅದೇ ಗಾಳಿ, ಎರಡು ಪಟ್ಟು ಕೆಲಸ. ಅದೂ ಪಕ್ಕದಲ್ಲಿ ಯಾರೂ ಇಲ್ಲದಾಗ.

ಶಾಲೆಯವರನ್ನು ಕೇಳಬೇಕಾದ್ದು ಬೇರೆ ಇದೆ. ಸೋಲೋ ಆಗದ ದಿನ ಇನ್‌ಸ್ಟ್ರಕ್ಟರ್ ಜೊತೆಗೆ ಅಡ್ಡಗಾಳಿಯ ಅಭ್ಯಾಸ ಕೊಡುತ್ತೀರಾ ಅಂತ ಕೇಳಿ. ಬೆಳಗಿನ ಮೊದಲ ಸರದಿ ಕೊಡುತ್ತೀರಾ ಅಂತ ಕೇಳಿ. ರಾತ್ರಿ ನೆಲ ತಣ್ಣಗಾದಾಗ ನೆಲದ ಹತ್ತಿರದ ಗಾಳಿ ಮೇಲಿನ ಜೋರು ಗಾಳಿಯಿಂದ ಬೇರೆಯಾಗಿ ಮಲಗಿಬಿಡುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಎರಡೂ ಕಲಸಿಕೊಂಡು ಮೇಲಿನ ಗಾಳಿ ಕೆಳಗೆ ಇಳಿಯುತ್ತದೆ. ಹತ್ತು ಗಂಟೆಯ ಬೀಸು ಹಾಗೆ ಹುಟ್ಟುವುದು. ಆಷಾಢದಲ್ಲೂ ಎಷ್ಟೋ ದಿನ ಬೆಳಗಿನ ಮೊದಲ ಎರಡು ಗಂಟೆ ನಾವು ಹಾರಿಸುತ್ತಿದ್ದೆವು. ವಿಂಡ್‌ಸಾಕ್ ಜೋಲು ಬಿದ್ದಿರುತ್ತಿತ್ತು.

ಮಗನಿಗೆ ಆರೂವರೆಗೆಲ್ಲ ಏರ್‌ಫೀಲ್ಡ್‌ನಲ್ಲಿ ಇರಲು ಹೇಳಿ.